ತಿಪ್ಪೆಯ ಮೇಲೆ ಸಿಕ್ಕ ಹೆಸರು

ನನ್ನ ಹೆಸರು ತಿಪ್ಪಯ್ಯ. ತಿಪ್ಪೆ ಅಂದರೆ ತಿಪ್ಪೆಯೇ. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಅಂಗಳ ಗುಡಿಸಿದ ಕಸ ಎಲ್ಲವನ್ನೂ ತಂದು ಸುರಿಯುವ ಗುಡ್ಡೆ. ಅದಕ್ಕೆ ಬೇರೆ ಅರ್ಥವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮಗಳ ಮದುವೆ ಗೊತ್ತಾದ ಮೇಲೆ ಈ ಹೆಸರಿಗೊಂದು ಮರ್ಯಾದಸ್ಥ ಅರ್ಥ ಹುಡುಕಿಕೊಡುತ್ತೇವೆಂದು ಬಂದವರನ್ನು ಸಂಭಾಳಿಸಿ ನನಗೆ ಸಾಕಾಗಿ ಹೋಗಿದೆ. ಅವರಿಗೆ ನಾನು ಯಾವ ಅರ್ಜಿಯನ್ನೂ ಹಾಕಿರಲಿಲ್ಲ.

ಈ ಹೆಸರಿನವನು ನಾನೊಬ್ಬನೇ ಎಂದು ಯಾರೂ ತಿಳಿಯಬೇಕಿಲ್ಲ. ಮೂವತ್ತು ವರ್ಷಕ್ಕೂ ಮೀರಿ ತಾಲ್ಲೂಕು ಕಚೇರಿಗಳಲ್ಲಿ ಗುಮಾಸ್ತನಾಗಿದ್ದೆ. ಮೊದಲು ಚಿಂತಾಮಣಿ, ಆಮೇಲೆ ಗೌರಿಬಿದನೂರು, ಕೊನೆಗೆ ಚಿಕ್ಕಬಳ್ಳಾಪುರ. ಹಳೆಯ ಪಹಣಿ ಪುಸ್ತಕ ತೆಗೆದರೆ ಸಾಕು, ನಾಲ್ಕು ಪುಟ ತಿರುಗಿಸುವುದರೊಳಗೆ ಒಬ್ಬ ತಿಪ್ಪಯ್ಯ ಸಿಗುತ್ತಿದ್ದ. ಆಂಧ್ರದ ಗಡಿ ಹತ್ತಿರದ ಊರುಗಳಲ್ಲಾದರೆ ಪೆಂಟಯ್ಯ. ಅದೂ ಅದೇ ಗುಡ್ಡೆ, ತೆಲುಗಿನಲ್ಲಿ. ಪುಲ್ಲಯ್ಯ ಎಂದರೆ ಉಂಡು ಎಸೆದ ಎಲೆಯ ಹೆಸರು. ಇವರೆಲ್ಲ ನೆಲ ಉತ್ತರು, ಕಂದಾಯ ಕಟ್ಟಿದರು, ಜಗಳ ಆಡಿದರು, ಪಂಚಾಯಿತಿ ಮಾಡಿದರು. ಅವರ ಮೊಮ್ಮಕ್ಕಳು ಕೌಂಟರಿನ ಮುಂದೆ ನಿಂತು, ಅಜ್ಜನ ಹೆಸರು ಹೇಳುವಾಗ ಮಾತ್ರ ದನಿ ತಗ್ಗಿಸುತ್ತಿದ್ದರು. ನಾನು ಬೇಕೆಂದೇ ಕೇಳಿಸಲಿಲ್ಲ ಎನ್ನುತ್ತಿದ್ದೆ. ಎರಡನೇ ಸಲ ಗಟ್ಟಿಯಾಗಿ ಹೇಳಿಸಿಯೇ ಪತ್ರ ಕೊಡುತ್ತಿದ್ದೆ. ಅದು ನನ್ನ ಕೆಟ್ಟ ಚಾಳಿ. ಬಿಡಲು ಮನಸ್ಸಾಗಲಿಲ್ಲ.

ಹೆಸರು ಬಂದ ದಾರಿ ಹೀಗೆ. ಒಂದು ಮನೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಸಾಯುತ್ತಾ ಬಂದರೆ, ಮುಂದಿನದು ಹುಟ್ಟಿದಾಗ ಅದನ್ನು ಹರಕು ಮೊರದಲ್ಲಿ, ಹರಕು ಬಟ್ಟೆಯಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟು ಬರುತ್ತಿದ್ದರು. ತಾಯಿ ಹಿಂದಿರುಗಿ ನೋಡಬಾರದು. ಮಕ್ಕಳು ಉಳಿದಿರುವ ಒಬ್ಬ ಹೆಂಗಸು, ಮೊದಲೇ ಹೇಳಿಟ್ಟವಳು, ಏನೂ ಗೊತ್ತಿಲ್ಲದವಳ ಹಾಗೆ ಆ ಕಡೆ ಬಂದು ಮಗುವನ್ನು ಎತ್ತಿಕೊಳ್ಳಬೇಕು. ಇದು ಯಾರ ಮಗು ಎಂದು ಕೇಳಬೇಕು. ಯಾರೂ ತಮ್ಮದೆನ್ನಬಾರದು. ಎತ್ತಿಕೊಂಡವಳದೇ ಮಗು ಎಂದಾದ ಮೇಲೆ ಹೆತ್ತವಳು ಒಂದು ಮೊರ ತೌಡು ಕೊಟ್ಟು ಅವಳಿಂದ ಕೊಂಡುಕೊಳ್ಳಬೇಕು. ಕಸದಲ್ಲಿ ಬಿದ್ದದ್ದನ್ನು, ತೌಡಿಗೆ ಸಿಕ್ಕಿದ್ದನ್ನು ಸಾವು ಕೂಡ ಆಸೆಪಟ್ಟು ಒಯ್ಯುವುದಿಲ್ಲ ಎಂಬ ಲೆಕ್ಕ. ಹೆಸರೂ ಅದೇ ಇಡಬೇಕು, ಸಾವಿಗೆ ಮರೆತುಹೋಗದ ಹಾಗೆ. ನಾನು ಓದಿದವನು. ಇದನ್ನು ನಂಬುವುದಿಲ್ಲ. ಆದರೆ ಮೂರು ಮಕ್ಕಳನ್ನು ಮಣ್ಣು ಮಾಡಿದ ಹೆಂಗಸಿನ ಭಯವನ್ನು ನಂಬುತ್ತೇನೆ.

ನನಗಿಂತ ಮೊದಲು ಅಮ್ಮನಿಗೆ ಮೂರು ಮಕ್ಕಳು ಹೋಗಿದ್ದವು. ನಮ್ಮೂರು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ. ಆಗಲೂ ರೇಷ್ಮೆಯದೇ ಊರು, ಸುತ್ತ ಹಿಪ್ಪುನೇರಳೆ ತೋಟ. ನಾನು ಹುಟ್ಟಿದ ಒಂಬತ್ತನೇ ದಿನ ಬೆಳಿಗ್ಗೆ ನನ್ನನ್ನು ಊರ ಹಿಂದಿನ ತಿಪ್ಪೆಯ ಮೇಲಿಟ್ಟರು. ಎತ್ತಿಕೊಳ್ಳಬೇಕಾಗಿದ್ದವಳು ಪಕ್ಕದ ಮನೆಯ ಅಜ್ಜಿ, ಏಳು ಮಕ್ಕಳ ತಾಯಿ. ಆ ಮಹಾತಾಯಿ ಇಂಥ ದೊಡ್ಡ ಕೆಲಸಕ್ಕೆ ಹಳೇ ಸೀರೆ ಉಟ್ಟುಕೊಂಡು ಹೋಗುವುದೇ ಎಂದು ಪೆಟ್ಟಿಗೆಯಿಂದ ಒಳ್ಳೇ ಸೀರೆ ತೆಗೆದು, ನೆರಿಗೆ ಹಿಡಿಯುತ್ತಾ ಕೂತಳು. ಅಷ್ಟರಲ್ಲಿ ತಿಪ್ಪೆಯ ಹತ್ತಿರ ಬೇರೆಯವರು ಬಂದಿದ್ದರು.

ಬಂದವಳು ಶಿಡ್ಲಘಟ್ಟದ ಒಬ್ಬ ಮುಸಲ್ಮಾನ ಹೆಂಗಸು. ಮನೆಯಲ್ಲೇ ಎರಡು ಚರಕ ಇಟ್ಟುಕೊಂಡು ರೇಷ್ಮೆ ನೂಲು ತೆಗೆಯುತ್ತಿದ್ದ ಕುಟುಂಬ. ಗಂಡ ಹೆಂಡತಿ ಎತ್ತಿನ ಗಾಡಿಯಲ್ಲಿ ಊರೂರು ತಿರುಗಿ ಗೂಡು ಕೊಳ್ಳುತ್ತಿದ್ದ ಕಾಲ ಅದು. ಗಂಡ ಹಿಂದಿನ ಬೀದಿಯಲ್ಲಿ ಗೂಡು ತುಂಬಿಸುತ್ತಿದ್ದ. ಅವಳಿಗೆ ಮಗು ಅಳುವುದು ಕೇಳಿಸಿತು. ಬಂದು ನೋಡಿದರೆ ಕಸದ ಗುಡ್ಡೆಯ ಮೇಲೆ ಕೂಸು. ಎತ್ತಿಕೊಂಡಳು. ಅಲ್ಲೇ ಕಲ್ಲಿನ ಮೇಲೆ ಕೂತು, ಸೆರಗು ಎಳೆದುಕೊಂಡು, ಮೊಲೆ ಕೊಟ್ಟಳು. ಕೊಡುತ್ತಲೇ ಉರ್ದುವಿನಲ್ಲಿ ಒಂದಷ್ಟು, ತೆಲುಗಿನಲ್ಲಿ ಒಂದಷ್ಟು, ಇಡೀ ಊರಿನ ಹೆಂಗಸರ ಜನ್ಮ ಜಾಲಾಡಿದಳು.

ಊರವರು ಬಂದು ಸುತ್ತ ನಿಂತರು. ಅವಳು ಒಬ್ಬೊಬ್ಬರನ್ನೂ ಕೇಳಿದಳು, ಇದು ಯಾರ ಮಗು ಎಂದು. ಯಾರೂ ಬಾಯಿ ಬಿಡಲಿಲ್ಲ. ಹೇಗೆ ಬಿಡುತ್ತಾರೆ? ಹೇಳಿದರೆ ಶಾಸ್ತ್ರ ಕೆಡುತ್ತದೆ, ಮಗು ಸಾಯುತ್ತದೆ. ಕೊನೆಗೆ ನಮ್ಮ ಮನೆಯ ಬಾಗಿಲಿಗೂ ಬಂದು ನನ್ನ ಅಮ್ಮನ ಮುಖ ನೋಡಿ, ಹಸಿ ಬಾಣಂತಿ ಎಂದು ಗುರುತು ಹಿಡಿದು, ನಿನ್ನದಾ ಎಂದು ಕೇಳಿದಳಂತೆ. ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು, ನನ್ನದಲ್ಲ ಎಂದಳು. ಆ ಹೆಂಗಸು ಅಮ್ಮನ ಕಾಲ ಬುಡಕ್ಕೆ ಉಗಿದು, ನನ್ನನ್ನು ಎದೆಗವಚಿಕೊಂಡು ಗಾಡಿ ಹತ್ತಿದಳು. ಗಾಡಿ ಹೊರಟೇಹೋಯಿತು. ಇಡೀ ಊರು ನೋಡುತ್ತಾ ನಿಂತಿತ್ತು. ಇಂಥ ಎಡವಟ್ಟು ನಮ್ಮ ಕಡೆಯವರಿಗೆ ಮಾತ್ರ ಸಾಧ್ಯ.

ಅಮ್ಮ ಓಡುವ ಹಾಗಿಲ್ಲ, ಕೂಗುವ ಹಾಗೂ ಇಲ್ಲ. ಓಡಿದವಳು ಪಕ್ಕದ ಮನೆಯ ಅಜ್ಜಿ. ಒಳ್ಳೇ ಸೀರೆಯ ನೆರಿಗೆ ಕೈಯಲ್ಲಿ ಹಿಡಿದು ಕೆರೆಕಟ್ಟೆಯ ತನಕ ಓಡಿ ಗಾಡಿ ಅಡ್ಡಗಟ್ಟಿದಳು. ಗಾಡಿ ವಾಪಸ್ಸು ಬಂತು. ಈಗ ತೌಡು ಕೊಟ್ಟು ಕೊಂಡುಕೊಳ್ಳುವ ಮಾತು. ಆ ಹೆಂಗಸು ತೌಡಿನ ಮೊರವನ್ನು ಕಾಲಿನಿಂದ ಸರಿಸಿ, ಇದನ್ನ ಹಸುವಿಗೆ ಹಾಕಿ, ಮಗು ಮಾರೋ ಜಾತಿ ನಮ್ಮದಲ್ಲ ಎಂದಳು. ಮಾರದಿದ್ದರೆ ಮಗು ಅಮ್ಮನದಾಗುವುದಿಲ್ಲ. ಎತ್ತಿಕೊಂಡವಳದೇ ಎಂಬುದು ಶಾಸ್ತ್ರ. ಹಿರಿಯರು ತಲೆ ಕೆರೆದುಕೊಂಡು ಒಂದು ದಾರಿ ಹುಡುಕಿದರು. ನಮ್ಮಲ್ಲಿ ಕರುವನ್ನು ಇನ್ನೊಬ್ಬರ ಮನೆಯಲ್ಲಿ ಸಾಕುವುದಕ್ಕೆ ಬಿಡುವ ರೂಢಿ ಇದೆ. ಕರು ಬಿಟ್ಟವರದೇ, ಹುಲ್ಲು ನೀರು ಸಾಕುವವರದು. ಹಾಗೆ ನನ್ನನ್ನು ಹೆತ್ತ ತಾಯಿಯ ಹತ್ತಿರ ಸಾಕುವುದಕ್ಕೆ ಬಿಟ್ಟು ಅವಳು ಹೋದಳು. ಹೋಗುವಾಗ ಹೆಸರು ತಿಪ್ಪನೇ ತಾನೆ, ಬದಲಾಯಿಸಬೇಡಿ ಎಂದು ಹೇಳಿಹೋದಳು.

ಹೀಗೆ ನನಗೆ ಇಬ್ಬರು ತಾಯಂದಿರು. ಹೆತ್ತವಳು ಅಮ್ಮ. ಇನ್ನೊಬ್ಬಳು ಶಿಡ್ಲಘಟ್ಟದಮ್ಮ. ಚಿಕ್ಕವನಿದ್ದಾಗ ವರ್ಷಕ್ಕೆರಡು ಸಲ ಅಪ್ಪ ನನ್ನನ್ನು ಶಿಡ್ಲಘಟ್ಟಕ್ಕೆ ಕರೆದುಕೊಂಡು ಹೋಗಿ ತೋರಿಸಿಕೊಂಡು ಬರುತ್ತಿದ್ದ. ಅವಳು ನನ್ನ ತೋಳು ಹಿಚುಕಿ, ಹಲ್ಲು ನೋಡಿ, ಸರಿಯಾಗಿ ಸಾಕಿದ್ದಾರೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಳು. ಮನೆ ತುಂಬಾ ಬೇಯಿಸಿದ ಗೂಡಿನ ವಾಸನೆ. ಆ ವಾಸನೆಗೆ ಮೂಗು ಮುಚ್ಚಿಕೊಳ್ಳುವವರನ್ನು ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಹೆಸರಿಗಾಗಿ ಶಾಲೆಯಲ್ಲಿ ಪಟ್ಟ ಪಾಡು ಹೇಳಿದರೆ ಮುಗಿಯುವುದಿಲ್ಲ. ನಾನು ಒಳಗೆ ಬಂದರೆ ಮೂಗು ಹಿಡಿಯುತ್ತಿದ್ದರು. ಎರಡು ಮೂಗು ಒಡೆದ ಮೇಲೆ ನಿಲ್ಲಿಸಿದರು. ಕಚೇರಿಗೆ ಸೇರಿದಾಗ ಮೇಲಿನ ಅಧಿಕಾರಿಯೊಬ್ಬರು, ಒಳ್ಳೆಯ ಮನುಷ್ಯರೇ, ಒಂದು ಅಫಿಡವಿಟ್ ಹಾಕಿ ತಿಪ್ಪೇಶ್ ಎಂದು ಮಾಡಿಕೊಳ್ಳಿ, ಕೇಳಲು ಚೆನ್ನಾಗಿರುತ್ತದೆ ಎಂದರು. ಕೇಳುವವರಿಗೆ ಚೆನ್ನಾಗಿರಲಿ ಎಂದು ನನ್ನ ಹೆಸರಿಟ್ಟಿಲ್ಲ ಸಾರ್ ಎಂದೆ. ಅವರು ನಕ್ಕರು. ಮೇಜಿನ ಮೇಲೆ ನನ್ನ ಹೆಸರಿನ ಫಲಕ ಬೇರೆಯವರದಕ್ಕಿಂತ ಒಂದಂಗುಲ ದೊಡ್ಡದು ಮಾಡಿಸಿದ್ದೆ, ನನ್ನ ಸ್ವಂತ ಖರ್ಚಿನಲ್ಲಿ.

ಮಗಳು ಚಿಕ್ಕಬಳ್ಳಾಪುರದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಅವಳ ಹೆಸರಿನ ಮುಂದೆ ಇರುವ ಇನಿಷಿಯಲ್ ನನ್ನದು. ಒಂದೇ ಅಕ್ಷರ ಆದ್ದರಿಂದ ಅವಳಿಗೆ ಅದರಿಂದ ಇಲ್ಲಿಯವರೆಗೆ ತೊಂದರೆ ಆಗಿರಲಿಲ್ಲ. ಗೌರಿಬಿದನೂರಿನ ಕಡೆಯ ಸಂಬಂಧ ಬಂತು. ಹುಡುಗ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ಮಾತು ಕಡಿಮೆ, ಒಳ್ಳೆಯವನು. ಇಬ್ಬರಿಗೂ ಒಪ್ಪಿಗೆಯಾಗಿ ಫೋನಿನಲ್ಲಿ ಮಾತಾಡಿಕೊಳ್ಳುವುದೂ ಶುರುವಾಗಿತ್ತು. ಮಗಳು ನಗುನಗುತ್ತಾ ಓಡಾಡುವುದನ್ನು ನಾನು ಅಷ್ಟು ದಿನಕ್ಕೆ ಆಗಲೇ ನೋಡಿದ್ದು. ಹುಡುಗನಿಗೆ ತಂದೆ ಇಲ್ಲ. ದೊಡ್ಡಪ್ಪನೇ ಯಜಮಾನ. ನಿವೃತ್ತ ಹೆಡ್‌ಮಾಸ್ಟರು, ಎಲ್ಲವನ್ನೂ ಬಲ್ಲವರು.

ಲಗ್ನಪತ್ರಿಕೆಯ ಕರಡು ಬರೆಯಲು ಅವರ ಮನೆಗೆ ಹೋದಾಗ ವಿಷಯ ಎದ್ದಿತು. ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡು, ನಿಮ್ಮ ಹೆಸರಿನ ಮೂಲ ರೂಪ ತ್ರಿಪುರಾಂತಕ, ಜನರ ಬಾಯಲ್ಲಿ ಸವೆದು ಹೀಗಾಗಿದೆ, ಪತ್ರಿಕೆಯಲ್ಲಿ ಮೂಲ ರೂಪವನ್ನೇ ಹಾಕೋಣ ಎಂದರು. ನಾನು ವಿನಯದಿಂದಲೇ, ಇಲ್ಲ, ನನ್ನ ಹೆಸರು ತಿಪ್ಪೆಯಿಂದ ಬಂದದ್ದು, ನಾನೇ ಅದರ ಮೇಲೆ ಮಲಗಿದ್ದೆ, ನನಗೆ ಗೊತ್ತು ಎಂದೆ. ಒಳಗಿದ್ದ ಹೆಂಗಸರು ಯಾರೋ ನಕ್ಕರು. ಹೆಡ್‌ಮಾಸ್ಟರ ಮುಖ ಕಪ್ಪಿಟ್ಟಿತು. ಕಾಫಿ ಬಂತು, ಕುಡಿದೆವು.

ಆಮೇಲೆ ಅವರು ನನ್ನೊಬ್ಬನನ್ನೇ ಅಂಗಳಕ್ಕೆ ಕರೆದು ಹೇಳಿದ್ದು ಇಷ್ಟು: "ನೋಡೀಪ್ಪ, ಪತ್ರಿಕೆ ಎಲ್ಲಾರ ಮನೇಗೂ ಹೋಗ್ತದೆ. ಬೀಗರ ಹೆಸರು ಕಸದ ಗುಡ್ಡೆ ಅಂತ ನಮ್ ಜನಕ್ಕೆ ನಾನು ಹೆಂಗ್ ಹೇಳ್ಲಿ? ಇದೊಂದು ನಡೆಸಿಕೊಡಿ. ಆಗಲ್ಲ ಅಂದ್ರೆ ಈ ಸಂಬಂಧ ಮುಂದುವರೆಸೋದು ಕಷ್ಟ ಆಗ್ತದೆ." ಮರ್ಯಾದೆಯ ದನಿಯಲ್ಲೇ ಹೇಳಿದರು. ಅದೇ ನನಗೆ ಹೆಚ್ಚು ಉರಿಸಿತು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಒಂದು ಕಾಗದ ಅಷ್ಟೇ ಅಲ್ವಾಪ್ಪ," ಎಂದಳು. "ಮದುವೆ ಆದ್ಮೇಲೆ ಯಾರು ನೋಡ್ತಾರೆ? ನಂಗೋಸ್ಕರ." ನಂಗೋಸ್ಕರ ಎಂಬ ಮಾತು ಅವಳ ಬಾಯಿಂದ ಬಂದದ್ದು ಅಪರೂಪ. ಕೇಳದೆಯೇ ಎಲ್ಲ ಕೊಟ್ಟಿದ್ದೆ, ಕೇಳಿದ್ದನ್ನು ಕೊಡಲಾರದೆ ಹೋದೆ. ನಾನು ಆಗುವುದಿಲ್ಲ ಎಂದುಬಿಟ್ಟೆ. ಅವಳು ಎದ್ದು ಒಳಗೆ ಹೋದಳು. ನನ್ನ ಹೆಂಡತಿ ನನ್ನ ಮೇಲೆ ಕಣ್ಣು ಕೆಂಪು ಮಾಡಿಕೊಂಡು, ನಾನು ಮೂವತ್ತೈದು ವರ್ಷದಿಂದ ಆ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ, ನನಗೇನೂ ನಷ್ಟವಾಗಿಲ್ಲ, ಅವರೂ ಹೇಳದಿದ್ದರೆ ನಿಮಗೇನು ಎಂದಳು. ಗಂಡನ ಹೆಸರು ಹೇಳದ ಕಾಲದ ಹೆಂಗಸು.

ನಾನು ಹಟಮಾರಿ ಎಂಬುದು ಊರಿಗೇ ಗೊತ್ತು. ಆದರೆ ಆ ವಾರ ನಾನು ಪಟ್ಟ ಸಂಕಟ ಯಾರಿಗೂ ಗೊತ್ತಿಲ್ಲ. ಒಂದು ಹೆಸರಿಗಾಗಿ ಮಗಳ ಮದುವೆ ಮುರಿಯುವ ಅಪ್ಪ ಎಂಥ ಅಪ್ಪ ಎಂದು ನನ್ನನ್ನೇ ಕೇಳಿಕೊಂಡೆ. ತ್ರಿಪುರಾಂತಕ ಎಂದು ಒಂದು ಹಾಳೆಯ ಮೇಲೆ ಬರೆದೂ ನೋಡಿದೆ. ಗುಮಾಸ್ತನ ಕೈ, ಅಕ್ಷರ ಮುದ್ದಾಗಿಯೇ ಬಂತು. ಬೇರೆಯವರ ಅರ್ಜಿಗೆ ಹೆಸರು ತುಂಬಿದ ಹಾಗಿತ್ತು. ಹರಿದು ಹಾಕಿದೆ.

ಮದುವೆಗೆ ಕರೆಯುವ ಕೆಲಸದಲ್ಲಿ ಮೊದಲ ಮನೆ ಶಿಡ್ಲಘಟ್ಟದಮ್ಮನದು. ಪತ್ರಿಕೆ ಅಚ್ಚಾಗುವ ಮೊದಲೇ ಬಾಯಿಮಾತಿನಲ್ಲಿ ಅವಳಿಗೆ ಹೇಳುವುದು ನಮ್ಮ ಮನೆಯ ಪದ್ಧತಿ. ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಶಿಡ್ಲಘಟ್ಟದಮ್ಮ ಎಂಬತ್ತು ದಾಟಿದವಳು, ಕಿವಿ ಮಂದ, ಕಾಲಿಗೆ ಶಕ್ತಿಯಿಲ್ಲ, ನಾಲಿಗೆ ಮಾತ್ರ ಹಾಗೇ ಇದೆ. ಮುಖ ತೋರಿಸಲು ನನಗೆ ಧೈರ್ಯ ಬರಲಿಲ್ಲ. ಮದುವೆ ನಿಲ್ಲಲೂಬಹುದು ಎಂದು ಹೇಗೆ ಹೇಳುವುದು? ನೀನೇ ಹೋಗಿ ಬಾ ಎಂದು ಮಗಳನ್ನು ಕಳಿಸಿದೆ. ಅವಳು ಮುಖ ಊದಿಸಿಕೊಂಡೇ ಬೆಳಗಿನ ಬಸ್ಸು ಹತ್ತಿದಳು.

ಮಧ್ಯಾಹ್ನದ ಊಟಕ್ಕೆ ಬರಬೇಕಾದವಳು ಸಂಜೆ ಬಂದಳು. ಕಣ್ಣು ಊದಿಕೊಂಡಿತ್ತು. ಚಪ್ಪಲಿ ಬಿಚ್ಚಿದವಳೇ ಜಗಲಿಯ ಮೇಲೆ ನನ್ನ ಪಕ್ಕ ಕೂತಳು. ನಡೆದದ್ದನ್ನು ಅವಳೇ ಹೇಳಿದಳು. ಹೆಸರಿನ ರಗಳೆಯನ್ನೆಲ್ಲ ಅವಳು ಶಿಡ್ಲಘಟ್ಟದಮ್ಮನ ಮುಂದೆ ತೋಡಿಕೊಂಡಿದ್ದಾಳೆ. ನಿಮ್ಮ ಮಾತಾದರೂ ಕೇಳುತ್ತಾನೆ, ಅಪ್ಪನಿಗೆ ಹೇಳಿ ಎಂದಿದ್ದಾಳೆ. ಶಿಡ್ಲಘಟ್ಟದಮ್ಮ ಇದುವರೆಗೆ ನನಗೂ ಹೇಳದೇ ಇದ್ದದ್ದನ್ನು ಅವಳಿಗೆ ಹೇಳಿದಳು.

ನಾನು ತಿಪ್ಪೆಯ ಮೇಲೆ ಸಿಗುವುದಕ್ಕೆ ಹನ್ನೆರಡು ದಿನ ಮೊದಲು ಅವಳ ಮೊದಲ ಮಗು ಸತ್ತಿತ್ತು. ಎದೆಯಲ್ಲಿ ಹಾಲು ಇನ್ನೂ ನಿಂತಿರಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತರೆ ಹುಚ್ಚು ಹಿಡಿಯುತ್ತದೆಂದು ಗಂಡ ಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದ. ಗಾಡಿ ಹೊರಟು ಕೆರೆಕಟ್ಟೆ ತಲುಪುವಷ್ಟರಲ್ಲಿ ಅವಳು ನನಗೊಂದು ಹೆಸರನ್ನೂ ಯೋಚಿಸಿ ಇಟ್ಟಿದ್ದಳು. ನಮ್ಮ ಪಕ್ಕದ ಮನೆಯ ಅಜ್ಜಿ ಓಡಿ ಬಂದು ಅಡ್ಡ ನಿಂತಾಗ ಗಂಡನಿಗೆ, ನಿಲ್ಲಿಸಬೇಡ, ಹೊಡಿ ಎತ್ತನ್ನ ಎಂದಿದ್ದಳಂತೆ. ಅವನು ನಿಲ್ಲಿಸಿದ. ಅದಕ್ಕೆ ಒಂದು ವರ್ಷ ಅವನ ಹತ್ತಿರ ಸರಿಯಾಗಿ ಮಾತಾಡಲಿಲ್ಲವಂತೆ.

ಆಮೇಲೆ ಅವಳು ಹೇಳಿದ್ದನ್ನು ಮಗಳು ಅವಳ ಮಾತಿನಲ್ಲೇ ಹೇಳಿದಳು: "ನಾನು ಹೆತ್ತಿಲ್ಲ, ಸಾಕಿಲ್ಲ. ಒಂದ್ ಹೊತ್ತು ಹಾಲು ಕೊಟ್ಟೆ, ಎತ್ಕೊಂಡೆ, ಅಷ್ಟೇ. ಅವನ ಹೆಸರು ಕೇಳಿದೋರು ಯಾಕೆ ಅಂತ ಕೇಳ್ತಾರೆ. ಯಾಕೆ ಅಂದ್ರೆ ನನ್ನ ಕಥೆ ಹೇಳ್ಬೇಕು. ಆ ಹೆಸರು ತೆಗೆದ್ರೆ ಅವನು ನಂಗೆ ಯಾರು, ಬೇಟಿ? ಯಾರೂ ಅಲ್ಲ."

ಅರವತ್ತು ವರ್ಷ ಅವಳು ನನ್ನ ತೋಳು ಹಿಚುಕಿ ನೋಡಿದ್ದಳು, ಒಂದು ಸಲವೂ ಇದನ್ನು ಹೇಳಿರಲಿಲ್ಲ. ಮಗಳು ಫೋನು ತೆಗೆದುಕೊಂಡು ಹಿತ್ತಿಲಿಗೆ ಹೋದಳು. ಹುಡುಗನ ಹತ್ತಿರ ಏನು ಮಾತಾಡಿದಳೋ ನನಗೆ ಗೊತ್ತಿಲ್ಲ. ವಾಪಸ್ಸು ಬಂದು, ನಮ್ಮ ಕಡೆಯ ಪತ್ರಿಕೆ ನಾನೇ ಅಚ್ಚು ಹಾಕಿಸ್ತೀನಿ ಎಂದಳು. ಚಿಂತಾಮಣಿಯ ಪ್ರೆಸ್ಸಿಗೆ ತಾನೇ ಹೋದಳು. ಪತ್ರಿಕೆಯಲ್ಲಿ ನನ್ನ ಹೆಸರು ಹೇಗಿರಬೇಕೋ ಹಾಗೇ ಇತ್ತು, ದಪ್ಪ ಅಕ್ಷರದಲ್ಲಿ. ಸುಖಾಗಮನ ಬಯಸುವವರು ಎಂಬ ಸಾಲಿನ ಕೆಳಗೆ ಮೊದಲ ಹೆಸರು ಶಿಡ್ಲಘಟ್ಟದಮ್ಮನದು, ಪಕ್ಕದಲ್ಲಿ ಅಜ್ಜಿ ಎಂದು. ನೆಂಟರಲ್ಲಿ ಕೆಲವರು ಹುಬ್ಬು ಏರಿಸಿದರು. ಏರಿಸಿದ ಹುಬ್ಬನ್ನು ಅವರೇ ಇಳಿಸಿಕೊಳ್ಳಲಿ ಎಂದು ನಾನು ಬಿಟ್ಟೆ.

ಸಂಬಂಧ ಮುರಿಯಲಿಲ್ಲ. ಹುಡುಗ ಮೊದಲ ಸಲ ದೊಡ್ಡಪ್ಪನ ಎದುರು ಗಟ್ಟಿಯಾಗಿ ಮಾತಾಡಿದನಂತೆ. ಹೆಡ್‌ಮಾಸ್ಟರು ಸೋತವರಂತೆ ಕಾಣಿಸಿಕೊಂಡು ತಮ್ಮ ಕಡೆಯ ಪತ್ರಿಕೆ ಬೇರೆಯಾಗಿಯೇ ಅಚ್ಚು ಮಾಡಿಸಿದರು. ಅದರಲ್ಲಿ ನಾನು ತ್ರಿಪುರಾಂತಕ. ಚಿಕ್ಕಬಳ್ಳಾಪುರದ ಛತ್ರದ ಬಾಗಿಲಲ್ಲಿ ಹೂವಿನ ಬೋರ್ಡಿನ ಪಕ್ಕ ಕಟ್ಟಿದ್ದ ಬ್ಯಾನರಿನಲ್ಲೂ ಅದೇ. ನೋಡಿ ಮೈ ಉರಿಯಿತು. ಮಗಳ ಮುಖ ನೆನೆದು ನುಂಗಿಕೊಂಡೆ. ಅವರ ಬ್ಯಾನರು ಅವರ ಖರ್ಚು ಎಂದುಕೊಂಡೆ.

ಶಿಡ್ಲಘಟ್ಟದಮ್ಮನನ್ನು ಮೊಮ್ಮಗ ಕಾರಿನಲ್ಲಿ ಕರೆತಂದ. ಮಂಟಪದ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿ ಕೂರಿಸಿದೆ. ಬಿಳಿ ದುಪಟ್ಟಾ ತಲೆ ತುಂಬಾ ಹೊದ್ದು, ಕೈಯಲ್ಲಿ ಮಗಳಿಗೆ ತಂದ ರೇಷ್ಮೆ ಸೀರೆಯ ಪೊಟ್ಟಣ ಹಿಡಿದು ಕೂತಿದ್ದಳು. ಪೊಟ್ಟಣ ಯಾರ ಕೈಗೂ ಕೊಡಲಿಲ್ಲ. ನಮ್ಮ ಕಡೆಯ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು ನಡೆಯುತ್ತಿದ್ದುದನ್ನು ಅವಳ ಕಿವಿಯಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು.

ಧಾರೆಯ ಹೊತ್ತು ಬಂತು. ಗೊತ್ತಿರುವವರಿಗೆ ಗೊತ್ತು, ಧಾರೆ ಎರೆಯುವಾಗ ಪುರೋಹಿತರು ಹೆಣ್ಣಿನ ಕಡೆಯ ಮೂರು ತಲೆಮಾರಿನ ಹೆಸರು ಹೇಳುತ್ತಾರೆ. ಇಂಥವರ ಮರಿಮಗಳು, ಇಂಥವರ ಮೊಮ್ಮಗಳು, ಇಂಥವರ ಮಗಳು ಎಂದು, ಮೂರು ಸಲ. ಮಗಳ ಕೈ ಅಳಿಯನ ಕೈಯ ಮೇಲೆ, ಅದರ ಕೆಳಗೆ ನನ್ನ ಕೈ. ನನ್ನ ಹೆಂಡತಿ ಗಿಂಡಿ ಹಿಡಿದು ನೀರು ಬಿಡಲು ಸಿದ್ಧಳಾಗಿದ್ದಳು. ಪುರೋಹಿತರ ಎದುರು ಒಂದು ಚೀಟಿ ಇತ್ತು. ಅದನ್ನು ಬರೆದು ಕೊಟ್ಟವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಅವರು ಮೈಕಿನಲ್ಲಿ ನನ್ನ ತಾತನ ಕಾಲದಿಂದ ಇಳಿದು ಬಂದು, ಕೊನೆಗೆ ತ್ರಿಪುರಾಂತಕ ನಾಮಧೇಯಸ್ಯ ಪುತ್ರೀಂ ಎಂದರು.

ನಾನು ಕೈ ತೆಗೆದೆ. ಯೋಚಿಸಿ ತೆಗೆದದ್ದಲ್ಲ. ಕೈ ತಾನಾಗಿ ಬಂತು. ಹೆಂಡತಿಯ ಕೈಯಲ್ಲಿದ್ದ ಗಿಂಡಿ ನೆಟ್ಟಗಾಯಿತು, ಒಂದು ಹನಿಯೂ ಬೀಳಲಿಲ್ಲ. ಪುರೋಹಿತರು ಏನಾಯಿತೆಂದು ನೋಡಿದರು.

"ಸ್ವಾಮಿ, ಆ ಹೆಸರಿನೋರನ್ನ ಕರೆಸಿ," ಎಂದೆ. "ಅವರೇ ಬಂದು ಧಾರೆ ಎರೀಲಿ. ಇಲ್ಲಿ ಕೂತಿರೋನು ನಾನು."

ಮೈಕು ತೆರೆದೇ ಇತ್ತು. ಛತ್ರದ ಗಲಾಟೆ ಒಮ್ಮೆಲೇ ನಿಂತಿತು. ಹೆಡ್‌ಮಾಸ್ಟರು ಮುಂದೆ ಬಾಗಿ, ಮುಹೂರ್ತ ಮೀರುತ್ತಿದೆ, ಹಟ ಮಾಡುವ ಹೊತ್ತಲ್ಲ ಎಂದು ಹಲ್ಲು ಕಚ್ಚಿಕೊಂಡು ಹೇಳಿದರು. ಪುರೋಹಿತರು ನನ್ನ ಹೆಂಡತಿಯ ಕಡೆ ತಿರುಗಿ, ಯಜಮಾನರ ಹೆಸರು ಏನಮ್ಮಾ ಎಂದು ಕೇಳಿದರು. ಅವಳ ತುಟಿ ಅಲುಗಾಡಿತು. ಮೂವತ್ತೈದು ವರ್ಷ ಹೇಳದ ಹೆಸರು ಅಷ್ಟು ಜನರ ಎದುರು ಬಾಯಿಗೆ ಬರಲಿಲ್ಲ. ನಾನೇ ಹೇಳಬಹುದಿತ್ತು. ಹೇಳಲಿಲ್ಲ. ಸಿಟ್ಟಿಗೋ, ಮಗಳ ಮದುವೆ ನನ್ನ ಕೈಯಿಂದಲೇ ಕೆಟ್ಟಿತೆಂಬ ಹೆದರಿಕೆಗೋ ತಿಳಿಯದು.

ಮಗಳು ಬಾಸಿಂಗ ಕಟ್ಟಿದ ತಲೆಯನ್ನು ಬಾಗಿಸಿ ಮೈಕಿನ ಹತ್ತಿರ ಬಂದಳು.

"ತಿಪ್ಪಯ್ಯ," ಎಂದಳು. "ನಮ್ಮಪ್ಪನ ಹೆಸರು ತಿಪ್ಪಯ್ಯ. ಅದನ್ನೇ ಹೇಳಿ."

ಚಿಕ್ಕಂದಿನಲ್ಲಿ ಶಾಲೆಯ ಅರ್ಜಿ ತುಂಬುವಾಗಲೂ ಅವಳು ಆ ಹೆಸರನ್ನು ಹೀಗೆ ಪೂರ್ತಿಯಾಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಳಿಯ ಅವಳ ಕೈ ಬಿಟ್ಟಿರಲಿಲ್ಲ. ಅವನು ಪುರೋಹಿತರಿಗೆ ಹೂಂ ಎಂದು ತಲೆಯಾಡಿಸಿದ. ಪುರೋಹಿತರು ಚೀಟಿ ಮಡಿಸಿ ಅಕ್ಷತೆಯ ತಟ್ಟೆಯ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. ನಾನು ಕೈ ಮತ್ತೆ ಅವರಿಬ್ಬರ ಕೈಯ ಕೆಳಗಿಟ್ಟೆ.

ಅವರು ಹೇಳಿದರು. ಒಂದು ಸಲ, ಎರಡು ಸಲ, ಮೂರು ಸಲ. ಸಂಸ್ಕೃತದ ನಡುವೆ ನನ್ನ ತಿಪ್ಪೆ ಛತ್ರದ ನಾಲ್ಕು ಮೂಲೆಯ ಸ್ಪೀಕರಿನಲ್ಲೂ ಕೇಳಿಸಿತು. ಹೆಂಡತಿ ಗಿಂಡಿ ಬಾಗಿಸಿದಳು, ನೀರು ನಮ್ಮೆಲ್ಲರ ಕೈ ಮೇಲೆ ಇಳಿಯಿತು. ಹೆಡ್‌ಮಾಸ್ಟರು ಎದ್ದು ಊಟದ ಮನೆಯ ಕಡೆ ಹೋದರು. ಹೋಗಲಿ ಬಿಡಿ, ಊಟ ಚೆನ್ನಾಗಿತ್ತು.

ಮುಂದಿನ ಸಾಲಿನಲ್ಲಿ ಶಿಡ್ಲಘಟ್ಟದಮ್ಮ ಪಕ್ಕದವಳ ತೋಳು ತಟ್ಟಿ, ಏನಾಯ್ತು, ಯಾಕೆ ನಿಲ್ಲಿಸಿದ್ರು ಎಂದು ಕೇಳಿದಳು. ಹುಡುಗಿಯ ಅಪ್ಪನ ಹೆಸರು ತಪ್ಪಾಗಿ ಹೇಳಿದ್ದರು, ಈಗ ಸರಿಯಾಗಿ ಹೇಳಿದರು ಎಂದು ಆ ಹೆಂಗಸು ಅವಳ ಕಿವಿಯಲ್ಲಿ ಕೂಗಿದಳು. ಶಿಡ್ಲಘಟ್ಟದಮ್ಮ ಪೊಟ್ಟಣವನ್ನು ತೊಡೆಯ ಮೇಲೆ ಸರಿಮಾಡಿಕೊಂಡು, ಕಿವಿ ಮಂದವಾದವರು ಮಾತಾಡುವ ಹಾಗೆ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಸರಿಯಾಗಿ ಹೇಳ್ಲೇಬೇಕು. ನಾನು ಅವನನ್ನ ಇನ್ನೂ ಮಾರಿಲ್ಲ."